ಜೇಡಗಳ ಪಂಗಡ ಮಾಡಿದ ಓತಿಕ್ಯಾತ

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಮುದಿ ಮತ್ತಿ ಮರವಿತ್ತು. ಅದರ ಪೊಟರೆಗಳಲ್ಲೂ ಬುಡದ ಬಿಲಗಳಲ್ಲೂ ಟರಾಂಟುಲಾ ಜೇಡಗಳ ಸಂಸಾರ. ಅಂಗೈಯಗಲ ದೇಹ, ಮೈತುಂಬ ರೋಮ. ಕಂಡರೆ ನೀವು ಓಡುತ್ತೀರಿ, ನಾನಂತೂ ನಿಮಗಿಂತ ಮುಂದೆ ಓಡುತ್ತೇನೆ. ಒಂದು ಕಪ್ಪು, ಒಂದು ಕಂದು, ಒಂದಕ್ಕೆ ನೀಲಿ ಮೈ, ಇನ್ನೊಂದಕ್ಕೆ ಹಳದಿ ಪಟ್ಟೆ.

ಮಳೆಗಾಲ ಹತ್ತಿರವಾದಾಗ ನೀರು ಬೀಳದ ಪೊಟರೆಗಳಿಗಾಗಿ ಜಗಳ ಶುರುವಾಯಿತು. ನ್ಯಾಯ ಹೇಳಲು ಮುಂದೆ ಬಂದವನು ಗೋಣಪ್ಪ ಎಂಬ ಓತಿಕ್ಯಾತ. ಓತಿಕ್ಯಾತಗಳು ಸುಮ್ಮನೆ ಕೂತರೂ ತಲೆ ಆಡಿಸುತ್ತವೆ. ಜೇಡಗಳು ಅದನ್ನು ಕಂಡು, ಎಷ್ಟು ಆಳವಾಗಿ ಯೋಚಿಸುತ್ತಾನಪ್ಪ ಎಂದು ಮೆಚ್ಚಿ ಒಪ್ಪಿಕೊಂಡವು.

ಗೋಣಪ್ಪ ಕೊಂಬೆಯಿಂದ ಇಳಿಯಲೂ ಇಲ್ಲ, ಯಾರನ್ನೂ ಕೇಳಲೂ ಇಲ್ಲ. ಕೂತಲ್ಲಿಂದಲೇ ಪಂಗಡ ಮಾಡಿಬಿಟ್ಟ. ಕಪ್ಪಗಿದ್ದವು ಒಂದು, ಸಣಕಲು ಕಾಲಿನವು ಒಂದು, ನೀಲಿ ಮರಿಗಳು ಇನ್ನೊಂದು. ದೊಡ್ಡ ಪೊಟರೆ ಮಾಸಲು ಕಂದು ಪಂಗಡಕ್ಕೆ ಎಂದ, ಏಕೆಂದರೆ ಅಲ್ಲಿದ್ದ ಚೌಡಕ್ಕನ ಬಣ್ಣ ಮಾಸಲು ಕಂದು. ಅವಳ ಜೊತೆಗಿದ್ದ ಉಳಿದವರನ್ನು ಆಚೆ ಕಳಿಸಿದ.

ಸ್ವಲ್ಪ ದಿನಕ್ಕೆ ಚೌಡಕ್ಕ ಪೊರೆ ಬಿಟ್ಟಳು. ಜೇಡಗಳು ಬೆಳೆಯುವುದೇ ಹಾಗೆ, ಹಳೆಯ ಚರ್ಮವನ್ನು ಕಾಲುಗಳ ಸಮೇತ ಕಳಚಿಟ್ಟು ಹೊರಬರುತ್ತವೆ. ಹೊಸ ಮೈ ಬೂದಿ ಬಣ್ಣ, ಮೇಲೆ ಹೊಳೆಯುವ ಹಳದಿ ಪಟ್ಟೆ. ಆದರೆ ಮೈಯೆಲ್ಲ ಬೆಣ್ಣೆಯಂತೆ ಮೆತ್ತಗೆ, ಹಲ್ಲೂ ಗಟ್ಟಿಯಾಗಿರಲಿಲ್ಲ. ಆಗ ಹೊರಗೆ ಕಾಲಿಟ್ಟರೆ ಇರುವೆಗಳೂ ತಿಂದುಹಾಕುತ್ತವೆ.

ಗೋಣಪ್ಪ ಇಣುಕಿದ. ಒಳಗೆ ಚೌಡಕ್ಕ, ಪಕ್ಕದಲ್ಲಿ ಅವಳು ಕಳಚಿಟ್ಟ ಪೊರೆ; ಅವನ ಕಣ್ಣಿಗೆ ಇಬ್ಬರು ಕಂಡರು.

"ನಿನ್ನ ಪಂಗಡ ಬೇರೆ. ಹೊರಗೆ ನಡಿಯಮ್ಮ" ಎಂದ.

"ನಾನೇ ಕಣಣ್ಣ, ಚೌಡಕ್ಕ. ಮೈ ಗಟ್ಟಿಯಾಗೋವರೆಗಾದರೂ ಬಿಡು."

"ಚೌಡಕ್ಕ ಅಲ್ಲಿ ಕೂತಿದ್ದಾಳೆ. ಎಷ್ಟು ಗಂಭೀರವಾಗಿದ್ದಾಳೆ ನೋಡು, ಒಂದು ಎದುರು ಮಾತಿಲ್ಲ" ಎಂದು ಗೋಣಪ್ಪ ಪೊರೆಗೆ ಕೈಮುಗಿದ.

ಚೌಡಕ್ಕ ಅಳುತ್ತ ಹೊರಬಿದ್ದಳು. ಮೇಲಿನ ತೊಗಟೆಯ ಬಿರುಕಿನಲ್ಲಿ ಮುದುಡಿ, ಜೀವ ಕೈಯಲ್ಲಿ ಹಿಡಿದು ದಿನ ಕಳೆದಳು. ನನಗಂತೂ ಗೋಣಪ್ಪನ ಬಾಲ ಹಿಡಿದು ಎಳೆಯಬೇಕು ಅನ್ನಿಸುತ್ತದೆ.

ಅವಳ ಮೈ ಗಟ್ಟಿಯಾಗುವ ಹೊತ್ತಿಗೆ ಕೆಂಬೂತವೊಂದು ಬಂತು. ಓತಿಕ್ಯಾತ ಎಂದರೆ ಆ ಹಕ್ಕಿಗೆ ಪಂಚಪ್ರಾಣ. ಗೋಣಪ್ಪ ಎದ್ದೆನೋ ಬಿದ್ದೆನೋ ಎಂದು ದೊಡ್ಡ ಪೊಟರೆಗೆ ನುಗ್ಗಿ ಪೊರೆಯ ಹಿಂದೆ ಅಡಗಿದ.

"ಚೌಡಕ್ಕ, ಸ್ವಲ್ಪ ಹಲ್ಲು ತೋರಿಸಮ್ಮ" ಎಂದು ಗೋಗರೆದ.

ಪೊರೆ ಏನು ಮಾಡೀತು? ಕೆಂಬೂತದ ರೆಕ್ಕೆಯ ಗಾಳಿಗೆ ಹಾರಿ ಹೊರಗೆ ಬಿತ್ತು. ಕೊಕ್ಕು ಒಳಗೆ ಬಂತು.

ಅಷ್ಟರಲ್ಲಿ ನಿಜವಾದ ಚೌಡಕ್ಕ ತೊಗಟೆಯಿಂದ ಧುಮುಕಿ, ಮುಂಗಾಲೆತ್ತಿ ಹಲ್ಲು ತೋರಿಸಿದಳು. ಮನೆ ಅವಳದಲ್ಲವೇ? ಕೆಂಬೂತ ಊಟವೂ ಬೇಡ, ಏನೂ ಬೇಡ ಎಂದು ಹಾರಿಹೋಯಿತು.

ಗೋಣಪ್ಪ ತಲೆ ಆಡಿಸುತ್ತ ಕೇಳಿದ, "ಅಮ್ಮಾ, ನಿನ್ನದು ಯಾವ ಪಂಗಡ?"

"ಕೇಳೋದಕ್ಕೆ ಈಗ ನೆನಪಾಯ್ತಾ? ಬೇರೆ ಪಂಗಡ ಅಂತ ಆಚೆ ಕಳಿಸಿದೆಯಲ್ಲ, ಆ ಸಣಕಲು ಕಾಲಿನವನು ನನ್ನ ಗಂಡ. ನೀಲಿ ಮರಿಗಳು ನನ್ನ ಮಕ್ಕಳು. ಒಂದೇ ಅಂತ ಸೇರಿಸಿದ ಕಪ್ಪಿನವರಲ್ಲಿ ಒಬ್ಬಳು ಮರದವಳು, ಒಬ್ಬಳು ಬಿಲದವಳು, ಅವರಿಗೆ ನಂಟೇ ಇಲ್ಲ. ಇನ್ನು ನೀನು ಕೈಮುಗಿದೆಯಲ್ಲ, ಅದು ನನ್ನ ಹಳೇ ಅಂಗಿ."

ಹೀಗೆಂದು ಚೌಡಕ್ಕ ಅವನನ್ನು ಆಚೆ ತಳ್ಳಿ, ಗಂಡ ಮಕ್ಕಳನ್ನು ಕೂಗಿ ಕರೆದು, ತನ್ನ ಪೊಟರೆಯಲ್ಲಿ ಎಂಟೂ ಕಾಲು ಚಾಚಿ ಮಲಗಿದಳು.

ನೀತಿ: ಬದುಕುವ ರೀತಿ ಕೇಳದೆ ಬಣ್ಣ ನೋಡಿ ಬೇರ್ಪಡಿಸುವವನು ಜೀವವನ್ನು ಹೊರಗಟ್ಟಿ ಪೊರೆಗೆ ಮಣೆ ಹಾಕುತ್ತಾನೆ.