ಆಡುಸೋಗೆಯ ಕಡ್ಡಿ

"ಗುರುಗಳೇ, ಮೊದಲು ನಾನು ಏನು ಕೇಳಿದರೂ ಉತ್ತರ ಹೇಳುತ್ತಿದ್ದಿರಿ. ಈಗ ನೀನೇ ಯೋಚಿಸು ಎನ್ನುತ್ತೀರಿ. ನನ್ನಿಂದ ಏನಾದರೂ ತಪ್ಪಾಯಿತೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಹಿತ್ತಲಿನ ಬೇಲಿಯುದ್ದಕ್ಕೂ ಆಡುಸೋಗೆ ಬೆಳೆದಿತ್ತು. ಕೆಮ್ಮು, ಉಬ್ಬಸ ಎಂದು ಬಂದವರಿಗೆ ಸೊಪ್ಪು ಕಿತ್ತು ಕೊಡುತ್ತಿದ್ದ; ಕಾಸು ಮುಟ್ಟುತ್ತಿರಲಿಲ್ಲ. ಬೆಳಗಾದರೆ ಬಾಗಿಲಲ್ಲಿ ಹತ್ತು ಮಂದಿ ಕಾದಿರುತ್ತಿದ್ದರು. ಅದನ್ನು ನೋಡಿದರೆ ಅವನಿಗೆ ಸಂತೋಷ.

ಹೊಳೆಯಾಚೆಯ ಒಬ್ಬ ಕುಂಬಾರಗಿತ್ತಿ ಗಂಡನ ಉಬ್ಬಸಕ್ಕೆಂದು ವಾರಕ್ಕೆರಡು ಸಲ ಬರುತ್ತಿದ್ದಳು. ಒಂದು ದಿನ ಆಕೆ, ಒಂದು ಕಡ್ಡಿ ಮುರಿದು ಕೊಟ್ಟರೆ ಮನೆಯ ಬಳಿಯೇ ನೆಟ್ಟುಕೊಳ್ಳುತ್ತೇನೆ ಎಂದಳು.

"ಅದು ಎಲ್ಲರ ಕೈಯಲ್ಲೂ ಚಿಗುರುವುದಿಲ್ಲಮ್ಮ. ನಾನಿದ್ದೇನಲ್ಲ, ಬೇಕಾದಾಗ ಬಾ" ಎಂದ ವೈದ್ಯ. ಆಡುಸೋಗೆ ಎಲ್ಲಿ ಊರಿದರೂ ಬರುವ ಗಿಡವೆಂದು ಅವನಿಗೆ ಗೊತ್ತಿತ್ತು.

ಆ ಮಳೆಗಾಲ ಹೊಳೆ ಒಂಬತ್ತು ದಿನ ಇಳಿಯಲಿಲ್ಲ. ಹತ್ತನೆಯ ದಿನ ವೈದ್ಯನೇ ಸೊಪ್ಪಿನ ಕಟ್ಟು ಹೊತ್ತು ದಾಟಿ ಹೋದ. ಕುಂಬಾರ ತೀರಿಕೊಂಡು ನಾಲ್ಕು ದಿನವಾಗಿತ್ತು.

ಆಕೆ ಅವನನ್ನು ದೂರಲಿಲ್ಲ. "ಹೊಳೆ ತುಂಬಿದರೆ ನೀವಾದರೂ ಏನು ಮಾಡುತ್ತೀರಿ, ಸ್ವಾಮಿ" ಎಂದಳು.

ಸೊಪ್ಪು ಸಿಕ್ಕಿದ್ದರೆ ಕುಂಬಾರ ಬದುಕುತ್ತಿದ್ದನೋ ಇಲ್ಲವೋ, ವೈದ್ಯನಿಗೂ ತಿಳಿಯದು. ತಾನು ಹೇಳಿದ ಸುಳ್ಳು ಮಾತ್ರ ತಿಳಿದಿತ್ತು. ಅದನ್ನು ಅಲ್ಲೇ ಆಕೆಗೆ ಹೇಳಿಬಿಟ್ಟ. ಆಕೆ ಸೊಪ್ಪಿನ ಕಟ್ಟನ್ನು ಎತ್ತಿ ಒಳಗಿಟ್ಟು ಬಂದಳು. ಆಮೇಲೆ, ಓಣಿಯಲ್ಲಿ ಇನ್ನೂ ಇಬ್ಬರಿಗೆ ಉಬ್ಬಸವಿದೆ, ಕಡ್ಡಿ ತಂದುಕೊಡಿ ಎಂದಳು.

ಮರುದಿನ ಅವನು ಬಲಿತ ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ ಒಯ್ದ. ಕೆಳಗಿನ ಎಲೆ ಸವರಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆರಳಿನಲ್ಲಿ ಊರುವುದನ್ನು ಆಕೆಯ ಕೈಯಿಂದಲೇ ಮಾಡಿಸಿದ. ಇಪ್ಪತ್ತು ದಿನಕ್ಕೆ ಚಿಗುರು ಕಂಡಿತು. ಅಲ್ಲಿಂದ ಮುಂದೆ ಸೊಪ್ಪು ಕೇಳಿ ಬಂದವರಿಗೆಲ್ಲ ಕಡ್ಡಿಯನ್ನೂ ಕೊಟ್ಟು, ನೆಡುವ ಬಗೆ ಕಲಿಸಿ ಕಳುಹಿಸಿದ. ಎರಡು ವರ್ಷದಲ್ಲಿ ಅವನ ಬಾಗಿಲಿಗೆ ಸೊಪ್ಪಿಗೆಂದು ಬರುವವರೇ ಇಲ್ಲವಾದರು.

ಗುರುಗಳು ಕತೆ ನಿಲ್ಲಿಸಿದರು.

"ಅವನಿಗೆ ಬೇಸರವಾಗಲಿಲ್ಲವೇ?" ಎಂದು ಶಿಷ್ಯ ಕೇಳಿದ.

"ಆಯಿತು" ಎಂದರು ಗುರುಗಳು. "ಬರುವ ಮಾಘಕ್ಕೆ ನನಗೆ ಎಂಬತ್ತೆರಡು ತುಂಬುತ್ತದೆ."

ಅಂದು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಶಿಷ್ಯ ತಾನೇ ಬಿಡಿಸಲು ಕುಳಿತ.