ಸಿಮೆಂಟಿನ ಗೃಹಿಣಿಯ ಸತ್ಕಾರ

ಮರಿಗಳಿಗೆ ಒಂದಿಷ್ಟು ಸಂಸ್ಕಾರ ಬರಲೆಂದು ಚೆನ್ನಿ ಎಂಬ ಮೇಕೆ ಅವನ್ನು ಪಾಳುಬಿದ್ದ ಸಂಸ್ಕೃತಿ ಉದ್ಯಾನಕ್ಕೆ ಕರೆತಂದಿತು. ಉರಿಬಿಸಿಲಿಗೆ ಕಿರಿಯ ಮರಿ ಬಾಯಾರಿ ಕುಸಿಯಿತು. ಪುಣ್ಯಕ್ಕೆ ಎದುರಿಗೇ ಸಿಮೆಂಟಿನ ಗೃಹಿಣಿಯೊಬ್ಬಳು ಬೆಲ್ಲದ ತಟ್ಟೆ, ನೀರಿನ ಚೊಂಬು ಹಿಡಿದು ನಿಂತಿದ್ದಳು.

“ತಾಯಿ, ಮಗುವಿಗೆ ಒಂದು ಗುಟುಕು ನೀರು ಕೊಡಿ.”

“ಇಪ್ಪತ್ತು ವರ್ಷದಿಂದ ಅತಿಥಿಗಳನ್ನು ಸತ್ಕರಿಸುತ್ತಿದ್ದೇನೆ, ಇಂಥ ಆಸೆಬುರುಕರನ್ನು ಕಂಡಿಲ್ಲ. ಬಂದವರೆಲ್ಲ ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ತೃಪ್ತರಾಗಿ ಹೋಗುತ್ತಾರೆ.”

ಟಿಕೆಟ್ ಕೌಂಟರಿನ ನೆರಳಲ್ಲಿ ಮಲಗಿದ್ದ ಬೀದಿನಾಯಿ ತನ್ನ ಬಾಯೊಡೆದ ಮಡಕೆಯನ್ನು ಮುಂದೆ ತಳ್ಳಿತು. “ಅಕ್ಕಾ, ಇದರಲ್ಲಿ ಸ್ವಲ್ಪ ಉಳಿದಿದೆ, ಕುಡಿಸು.”

ಗೃಹಿಣಿ ಚೀರಿದಳು: “ನಾಯಿಯ ಎಂಜಲೇ! ನಮ್ಮ ಸಂಸ್ಕೃತಿಯ ಗತಿಯೇನು?”

ಮರಿಯ ಮೂತಿಯನ್ನು ಮಡಕೆಗೆ ಹಿಡಿಯುತ್ತಾ ಚೆನ್ನಿ ಹೇಳಿತು: “ಅದನ್ನು ನೀವು ನೋಡಿಕೊಳ್ಳಿ ತಾಯಿ, ಮಗುವನ್ನು ನಾವು ನೋಡಿಕೊಳ್ಳುತ್ತೇವೆ.”