ಹಗ್ಗದ ಆ ತುದಿ

"ಕೇಳ್ರಪ್ಪೋ ಕೇಳ್ರಿ. ಮರಡಿಕೋಟೆ ದೊರೆಗಳ ಅಪ್ಪಣೆ. ಮೂರು ಒಗಟು ಬಿಡಿಸಿದೋನಿಗೆ ದೊರೆಮಗಳು ನೀಲಾಜಮ್ಮಣ್ಣಿ ಜೊತೆ ಮದುವೆ. ತಪ್ಪಿದೋನ ತಲೆ ಅಮಾವಾಸ್ಯೆ ದಿನ ಕೋಟೆ ಬಾಗಿಲಿಗೆ."

ಹಿಂಗೆ ಡಂಗೂರ ಆಯ್ತು. ಈ ಕತೇನ ಬೇರೆಯೋರೂ ಹೇಳ್ತಾರೆ, ಅರ್ಧಂಬರ್ಧ. ನಲವತ್ತು ಬಾವಿ ತೋಡಿದ ಕೈ ನಂದು. ನಾನ್ ಹೇಳಿದ್ದೇ ಸರಿ.

ಆ ಹುಡುಗೀಗೆ ಜ್ವರ ಬಂದು ಮೈಯೆಲ್ಲ ಸೆಟೆದೋಗಿತ್ತು. ಮಾತಿಲ್ಲ, ಕತ್ತು ಅಲ್ಲಾಡಲ್ಲ. ಬಲಗೈ ಬೆರಳು ಮಾತ್ರ ಆಡೋದು. ಅವಳ ಮನಸ್ಸು ತಿಳಿಯೋ ಜಾಣ ಅಳಿಯ ಬೇಕು ಅಂತ ಅಪ್ಪನ ಹಟ. ಡಂಗೂರ ಹೊಡೆದ ದಿನದಿಂದ ಆ ಬೆರಳು ಮಂಚದ ಪಟ್ಟಿ ಮೇಲೆ ಟಕಟಕ ಅಂತಲೇ ಇತ್ತು. ಮದುವೆ ಆತುರ ಅಂದ್ಕೊಂಡ ದೊರೆ.

ಮೊದಲು ಬಂದೋನು ಪಾಳೇಗಾರನ ಮಗ. "ಒಂದು ಮಾತಾಡಿದ್ರೆ ಹತ್ತಾಗಿ ತಿರುಗಿ ಬರುತ್ತೆ, ಹತ್ತರಲ್ಲಿ ಒಂದೂ ಅರ್ಥ ಆಗಲ್ಲ. ಅದ್ಯಾವ ಜಾಗ?" ಅಂದ ದೊರೆ. ಇವನು ಮೀಸೆ ತಿರುವಿ ಸಂತೆ ಅಂದ. ಸಂತೇಲಿ ಬೆಲೆ ಅರ್ಥ ಆಗುತ್ತಲ್ಲಪ್ಪ ಅಂತ ಸೆರೆಮನೆಗೆ ಕಳಿಸಿದ್ರು.

ಆಮೇಲೆ ಒಬ್ಬ ಓದಿದೋನು. ಮೊದಲನೇದು ಹೆಂಗೋ ದಾಟಿದ. "ಕಿವುಡನಿಗೂ ತಿಳಿಯೋದು, ಮೂಕನೂ ಆಡೋದು, ಕಗ್ಗತ್ತಲಲ್ಲೂ ನಡೆಯೋದು. ಯಾವ ಭಾಷೆ?" ಕಣ್ಸನ್ನೆ ಅಂದ ಪುಣ್ಯಾತ್ಮ. ಕಗ್ಗತ್ತಲಲ್ಲಿ ಯಾವ ಕಣ್ಣು? ಅವನೂ ಒಳಕ್ಕೆ.

ಸಾಹುಕಾರನ ಮಗ ಎರಡೂ ದಾಟಿದ. "ನನ್ನ ಮಗಳು ಆ ಬೆರಳಲ್ಲಿ ಏನು ಹೇಳ್ತಾವ್ಳೆ?" ಇದು ಮೂರನೇದು. ಒಡವೆ ಕೇಳ್ತಾವ್ರೆ ಅಂದ. ಬೆರಳು ನಿಲ್ಲಲಿಲ್ಲ, ಟಕಟಕ ಇನ್ನೂ ಜೋರಾಯ್ತು. ತಪ್ಪು ಅಂತ ಅವನನ್ನೂ ಒಳಕ್ಕೆ ತಳ್ಳಿಸ್ದ ದೊರೆ.

ಅಮಾವಾಸ್ಯೆಗೆ ಎರಡೇ ದಿನ. ಅರಮನೆ ಬಾವಿ ಹೂಳೆತ್ತೋಕೆ ಓಬಳ ಅಂತ ಒಬ್ಬ ಹುಡುಗ ಬಂದಿದ್ದ. ಕಿಟಕಿಯಿಂದ ಟಕಟಕ ಕೇಳಿಸ್ತು. ಬಾವಿ ತಳದಿಂದ ಯಾರಾದ್ರೂ ತಟ್ಟೋದು ಕೇಳಿದ್ಮೇಲೆ ಬಾವಿಯೋನು ಬಿಟ್ಟೋಗಂಗಿಲ್ಲ, ಅದು ನಮ್ಮ ಕಟ್ಟಳೆ. ಹಗ್ಗ ಹೆಗಲಿಗೆ ಹಾಕ್ಕೊಂಡು ಸೀದಾ ಒಳಕ್ಕೆ ನಡೆದ.

"ತಲೆ ಭಾರ ಆಯ್ತೇನ್ಲಾ ಕೆಸರುಮುಕ್ಕ?" ಅಂದ ಬಾಗಿಲಿನ ಕಾವಲುಗಾರ.

"ಇಲ್ಲಣ್ಣ, ಹಗ್ಗ ಭಾರ."

ದೊರೆ ಮೊದಲನೇದು ಕೇಳ್ದ. ಬಾವಿ ತಳ ಅಂದ ಓಬಳ. ಅಲ್ಲಿ ಕೂಗಿದ್ರೆ ಗೋಡೆಗಳೇ ಮಾತಾಡ್ತವೆ, ಮೇಲಿರೋನಿಗೆ ಬರೀ ಗದ್ದಲ. ಎರಡನೇದಕ್ಕೆ ಕೈ ಭಾಷೆ ಅಂದ. "ನಮ್ಮಪ್ಪ ಕಿವುಡ, ಒಡೆಯಾ. ಕೆಳಗಿಂದ ನಾನು ಹಗ್ಗ ಎಳೆದ್ರೆ ಅವನ ಕೈಗೆ ತಿಳಿಯುತ್ತೆ. ಎರಡೆಳೆತ ಹೂಂ. ಒಂದೆಳೆತ ಬ್ಯಾಡ."

ಮೂರನೇದಕ್ಕೆ, "ನಂಗೊತ್ತಿಲ್ಲ" ಅಂದ.

ಭಟರು ತೋಳು ಹಿಡ್ಕೊಂಡ್ರು.

"ನಿಮಗ್ ಗೊತ್ತಾ ಒಡೆಯಾ?"

ಅವನ ತೋಳು ಬಿಡಿ ಅಂತ ದೊರೆ ಭಟರಿಗೆ ಸನ್ನೆ ಮಾಡ್ದ.

"ಹಂಗಾದ್ರೆ ಗೊತ್ತಿರೋರ್ನೇ ಕೇಳಾನ."

ಹಗ್ಗದ ಒಂದು ತುದೀನ ಅವಳ ಬೆರಳಿಗೆ ಕಟ್ಟಿ, ಇನ್ನೊಂದು ತಾನು ಹಿಡ್ಕೊಂಡ. ಹೂಂಗೆ ಎರಡು, ಬ್ಯಾಡಕ್ಕೆ ಒಂದು ಅಂತ ಹೇಳಿಕೊಟ್ಟ. ಒಡವೆ ಬೇಕೇನವ್ವ ಅಂದ. ಒಂದೆಳೆತ. ನೋವಾ? ಒಂದೆಳೆತ. ಮದುವೆ ಬೇಗ ಆಗಬೇಕಾ? ಒಂದು, ಜೋರಾಗಿ. ಓಬಳ ತಲೆ ಕೆರ್ಕೊಂಡ. ಈ ಟಕಟಕ ಶುರುವಾಗಿದ್ದೇ ಡಂಗೂರದ ದಿನ. ಡಂಗೂರದಲ್ಲಿ ಇದ್ದಿದ್ದು ಎರಡೇ, ಮದುವೆ ಮತ್ತೆ ತಲೆ.

"ಯಾರ ತಲೇನೂ ತೆಗೀಬ್ಯಾಡಿ ಅಂತಾನಾ ತಾಯಿ?"

ಎರಡೆಳೆತ.

ದೊರೆ ಎದ್ದು ಬಂದು ಹಗ್ಗ ತಾನೇ ಇಸ್ಕೊಂಡ. ಮೂವರನ್ನೂ ಬಿಡ್ಲಾ ಮಗಳೇ ಅಂತ ಕೇಳ್ದ. ಎರಡೆಳೆತ. ಭಟರನ್ನ ಸೆರೆಮನೆ ಕಡೆ ಓಡಿಸ್ದ. ಬೆರಳು ಮಂಚ ತಟ್ಟೋದು ಅವತ್ತಿಗೆ ನಿಂತೋಯ್ತು.

ಮಾತು ಕೊಟ್ಟಿದ್ನಲ್ಲ, ಮದುವೆಗೆ ಏನಂತೀಯ ಅಂತ ಓಬಳನ ಕಡೆ ತಿರುಗಿದ.

"ನನ್ನ ಕೇಳಬ್ಯಾಡಿ. ಹಗ್ಗದ ಆ ತುದೀನ ಕೇಳಿ."

ಕೇಳ್ದ. ಒಂದೇ ಎಳೆತ.

ಎಲ್ರೂ ನೆಲ ನೋಡಿದ್ರು. ಓಬಳ ನಕ್ಕುಬಿಟ್ಟ. "ಅಪ್ಪಂಗೂ ಬ್ಯಾಡ ಅನ್ನೋಕೆ ಬಂತಲ್ಲ ಒಡೆಯಾ. ಇನ್ನು ಮಾತು ಪೂರಾ ಬಂತು."

ಮತ್ತೇನು ಕೊಡ್ಲಿ ಅಂದ್ರೆ, ನನ್ನ ಹಗ್ಗ ಅಮ್ಮಣ್ಣಿಯೋರ ಹತ್ರ ಉಳೀತು, ಬೇರೆ ಹಗ್ಗ ಕೊಡ್ಸಿ ಅಂದ. ದೊರೆಗೆ ನಾಚ್ಕೆ ಆಯ್ತು. ಮಗಳ ಕಡೆ ತಿರುಗಿ, ಹಗ್ಗದ ಜೊತೆ ಒಂದೂರು ಕೊಡ್ಲಾ ಅಂದ. ಎರಡೆಳೆತ. ಎರಡೂರು ಕೊಡ್ಲಾ? ಅದಕ್ಕೂ ಎರಡೆಳೆತ.

ಮೂರೂರು ಅಂತ ಕೇಳೋ ಧೈರ್ಯ ದೊರೆಗೆ ಬರಲಿಲ್ಲ.